ಓದಲಾಗದ ಕೋಡ್, ಉತ್ತರಿಸಲಾಗದ ಆಡಳಿತ

‘ಸಿಸ್ಟಂ ತಗೊಳ್ತಾ ಇಲ್ಲ.’ ಪೌತಿ ಖಾತೆಗೋ ಪಹಣಿ ತಿದ್ದುಪಡಿಗೋ ಅರ್ಜಿ ಹಿಡಿದು ಕೌಂಟರಿನ ಮುಂದೆ ನಿಂತವರಿಗೆ ಈ ಉತ್ತರ ಹೊಸದಲ್ಲ. ಕಡತದ ಕಾಲದಲ್ಲಿ ಅರ್ಜಿ ಎಲ್ಲಿ ನಿಂತಿದೆ, ಯಾರ ಮೇಜಿನ ಮೇಲಿದೆ ಎಂದು ಕೇಳುವ ಅವಕಾಶವಾದರೂ ಇತ್ತು. ಸಿಸ್ಟಂ ಏಕೆ ತೆಗೆದುಕೊಳ್ಳುತ್ತಿಲ್ಲ ಎಂಬ ಪ್ರಶ್ನೆಗೆ ಗುಮಾಸ್ತರಲ್ಲಿ ಉತ್ತರವಿಲ್ಲ, ತಹಶೀಲ್ದಾರರಲ್ಲೂ ಇಲ್ಲ. ಬೆಂಗಳೂರಿಗೆ ಬರೆದು ಕೇಳಿದರೆ ಅಲ್ಲಿಂದಲೂ ಸ್ಪಷ್ಟವಾದ ಕಾರಣ ಬರುವುದು ಅಪರೂಪ.

ಸರ್ವರ್, ನೆಟ್‌ವರ್ಕ್, ಸಿಬ್ಬಂದಿ ಕೊರತೆ ಎಂದು ಇದಕ್ಕೆ ಹಲವು ಕಾರಣ ಕೊಡಬಹುದು. ಅವು ಸುಳ್ಳೂ ಅಲ್ಲ. ಆದರೆ ಸಾರ್ವಜನಿಕ ಚರ್ಚೆಗೆ ಬಾರದೆ ಉಳಿದ ಇನ್ನೊಂದು ಕಾರಣವನ್ನು ಓದುಗರ ಮುಂದಿಡುವುದು ಈ ಪತ್ರಿಕೆಯ ಕರ್ತವ್ಯವೆಂದು ಭಾವಿಸುತ್ತೇವೆ. ಹಲವರು ಸೇರಿ, ಹಲವು ವರ್ಷಗಳ ಅವಧಿಯಲ್ಲಿ ಬರೆದ ತಂತ್ರಾಂಶವನ್ನು ನಂತರ ಬಂದವರು ಓದಿ ಅರ್ಥಮಾಡಿಕೊಳ್ಳಲಾಗದ ಸ್ಥಿತಿಯೇ ಆ ಕಾರಣ. ಕೋಡ್ ಬರೆಯುವ ಶಿಸ್ತು ಕುಸಿಯುತ್ತಿದೆ. ಓದುವ ಅಭ್ಯಾಸ ಅದಕ್ಕಿಂತ ಬೇಗ ಕುಸಿಯುತ್ತಿದೆ. ಇದು ಎಂಜಿನಿಯರುಗಳ ಮನೆಯೊಳಗಿನ ಮಾತು, ನಮಗೇಕೆ ಎಂದು ನಾಗರಿಕರು ಸುಮ್ಮನಿರುವಂತಿಲ್ಲ.

ಮೊದಲು ವಿಷಯವೇನೆಂದು ಹೇಳಬೇಕು. ತಂತ್ರಾಂಶದ ಮೂಲ ಬರಹವೇ ಕೋಡ್. ಅದರ ಅಂದಚೆಂದದ ಹಂಗು ಯಂತ್ರಕ್ಕಿಲ್ಲ. ಸಾವಿರ ಸಾಲುಗಳನ್ನು ಒಂದಕ್ಕೊಂದು ಅಂಟಿಸಿ ಕೊಟ್ಟರೂ ಬಹುತೇಕ ಭಾಷೆಗಳಲ್ಲಿ ಯಂತ್ರ ತಕರಾರಿಲ್ಲದೆ ನಡೆಸುತ್ತದೆ. ಯಾವ ಸಾಲು ಯಾವ ಷರತ್ತಿಗೆ ಒಳಪಟ್ಟಿದೆ ಎಂದು ತೋರಿಸಲು ಒಳಕ್ಕೆ ಸರಿಸಿ ಬರೆಯುವುದು, ಆವರಣ ಚಿಹ್ನೆಗಳನ್ನು ಗೊತ್ತಾದ ಜಾಗದಲ್ಲೇ ಇಡುವುದು, ಸಾಲಿನ ಉದ್ದಕ್ಕೆ ಮಿತಿ ಹಾಕುವುದು, ಪ್ರತಿಯೊಂದಕ್ಕೂ ಅರ್ಥ ತಿಳಿಯುವ ಹೆಸರಿಡುವುದು, ಹೀಗೇಕೆ ಬರೆದೆ ಎಂದು ಪಕ್ಕದಲ್ಲಿ ಟಿಪ್ಪಣಿ ಹಾಕುವುದು: ಇವೆಲ್ಲ ಮುಂದೆ ಓದಲಿರುವ ಮನುಷ್ಯನಿಗಾಗಿ ಇರುವ ಏರ್ಪಾಡು. ಬ್ರಯಾನ್ ಕರ್ನಿಘನ್ ಮತ್ತು ಪಿ.ಜೆ. ಪ್ಲಾಗರ್ ಕೋಡ್‌ನ ಶೈಲಿಯ ಬಗ್ಗೆಯೇ ಒಂದು ಪುಸ್ತಕ ಬರೆದದ್ದು 1974ರಲ್ಲಿ. ಅರ್ಧ ಶತಮಾನದ ಹಿಂದೆಯೇ ತಿಳಿದಿದ್ದ ಮಾತನ್ನು ಇಂದು ಮತ್ತೆ ಹೇಳಬೇಕಾಗಿ ಬಂದಿದೆ.

ಪತ್ರಿಕಾ ಕಚೇರಿಗೆ ಇದು ಅಪರಿಚಿತ ವಿಷಯವಲ್ಲ. ಹತ್ತು ಜನ ವರದಿಗಾರರು ಹತ್ತು ಬಗೆಯಲ್ಲಿ ಬರೆದು ಕಳಿಸಿದ್ದು ಒಂದೇ ಕೈಯ ಬರಹದಂತೆ ಓದಿಸಿಕೊಳ್ಳಬೇಕೆಂದೇ ಪತ್ರಿಕೆಗಳು ಶೈಲಿಯ ನಿಯಮ ಇಟ್ಟುಕೊಂಡಿವೆ. ಕರಡು ತಿದ್ದುವವರನ್ನು ಕೂರಿಸಿಕೊಂಡಿವೆ. ಪತ್ರಿಕೆಯ ತಪ್ಪು ಮರುದಿನ ತಿದ್ದುಪಡಿಯಾಗಿ ಅಚ್ಚಾಗುತ್ತದೆ. ಸರ್ಕಾರಿ ತಂತ್ರಾಂಶದ ತಪ್ಪು ಒಬ್ಬರ ಆಸ್ತಿಯ ದಾಖಲೆಯಲ್ಲಿ ಕೂತರೆ ಅದನ್ನು ಗುರುತಿಸುವುದಕ್ಕೇ ವರ್ಷಗಳು ಬೇಕಾಗಬಹುದು.

ಸಾಲು ಜೋಡಣೆಯಂಥ ಸಣ್ಣ ಸಂಗತಿಯಿಂದ ಅನಾಹುತವಾದೀತೇ ಎಂದು ಕೇಳುವವರಿಗೆ 2014ರ ಫೆಬ್ರವರಿಯ ಒಂದು ಪ್ರಕರಣ ಸಾಕು. ಆಪಲ್ ಕಂಪನಿಯ ಫೋನ್ ಮತ್ತು ಕಂಪ್ಯೂಟರುಗಳಲ್ಲಿ, ಎದುರಿಗಿರುವ ಜಾಲತಾಣ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಕೋಡ್ ಇತ್ತು. ಅದು ಹಂತ ಹಂತವಾದ ತಪಾಸಣೆ. ಪ್ರತಿ ಹಂತದಲ್ಲೂ ‘ಇಲ್ಲಿ ದೋಷ ಕಂಡರೆ’ ಎಂಬ ಷರತ್ತಿನ ಸಾಲು. ಅದರ ಕೆಳಗೆ, ಸ್ವಲ್ಪ ಒಳಕ್ಕೆ ಸರಿಸಿ, ‘ಗೋಟು ಫೇಲ್’, ಅಂದರೆ ವೈಫಲ್ಯದ ಭಾಗಕ್ಕೆ ಹೋಗು ಎಂಬ ಆಜ್ಞೆ. ಒಂದು ಕಡೆ ಈ ಆಜ್ಞೆ ಎರಡು ಬಾರಿ ಬಿದ್ದಿತ್ತು. ಎರಡನೆಯದೂ ಮೊದಲಿನಷ್ಟೇ ಒಳಕ್ಕೆ ಸರಿದಿದ್ದರಿಂದ ಕಣ್ಣಿಗೆ ಎರಡೂ ಷರತ್ತಿನ ಅಡಿಯಲ್ಲೇ ಇದ್ದಂತೆ ಕಂಡವು. ಆವರಣ ಚಿಹ್ನೆ ಹಾಕಿರಲಿಲ್ಲ. ಹಾಗಾಗಿ ಯಂತ್ರದ ಲೆಕ್ಕದಲ್ಲಿ ಮೊದಲನೆಯದು ಮಾತ್ರ ಷರತ್ತಿಗೆ ಸೇರಿದ್ದು, ಎರಡನೆಯದು ಯಾವಾಗಲೂ ನಡೆಯುವಂಥದ್ದು. ಪರಿಣಾಮವಾಗಿ ಕೊನೆಯ, ಅತಿ ಮುಖ್ಯವಾದ ಸಹಿ ಪರೀಕ್ಷೆಯನ್ನು ಹಾರಿಹೋಗಿ, ಅಲ್ಲಿಯವರೆಗೆ ದೋಷ ಸಿಕ್ಕಿಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎಂದು ಕೋಡ್ ಘೋಷಿಸುತ್ತಿತ್ತು. ಕೋಟ್ಯಂತರ ಸಾಧನಗಳ ಬೀಗ ಹೀಗೆ ತಿಂಗಳುಗಟ್ಟಲೆ ಹಾಕಿದಂತೆ ಕಂಡು ತೆರೆದೇ ಇತ್ತು. ಆವರಣ ಕಡ್ಡಾಯವೆಂಬ ನಿಯಮ, ಸಾಲು ಜೋಡಿಸುವ ಒಂದು ಸಲಕರಣೆ, ಗಮನವಿಟ್ಟು ಓದುವ ಇನ್ನೊಂದು ಜೊತೆ ಕಣ್ಣು, ಇವುಗಳಲ್ಲಿ ಯಾವ ಒಂದಿದ್ದರೂ ಅದು ಸಿಕ್ಕಿಬೀಳುತ್ತಿತ್ತು.

ಇದು ಅಜಾಗ್ರತೆಯ ಪ್ರಕರಣ. 2024ರ ಮಾರ್ಚ್ 29ರಂದು ಬಯಲಾದದ್ದು ದುರುದ್ದೇಶದ್ದು. ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆಯಲ್ಲಿರುವ ‘ಎಕ್ಸ್‌ಝಡ್’ ಎಂಬ ತಂತ್ರಾಂಶದಲ್ಲಿ ಹಿಂಬಾಗಿಲು ಇಡಲಾಗಿತ್ತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗುವುದಕ್ಕೆ ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನುಹತ್ತಿದ್ದರಿಂದ ಜಗತ್ತು ಪಾರಾಯಿತು. ಆ ಸಂಚಿನ ಒಂದು ಸಣ್ಣ ಅಂಗ ಇಲ್ಲಿ ಪ್ರಸ್ತುತ: ಹೊಸದಾಗಿ ಸೇರಿಸಿದ ಸಾಲುಗಳ ನಡುವೆ ಒಂದೇ ಒಂದು ಚುಕ್ಕೆ. ಆ ಚುಕ್ಕೆಯಿಂದಾಗಿ ಪರೀಕ್ಷಾ ಭಾಗ ಪ್ರತಿ ಬಾರಿಯೂ ವಿಫಲವಾಗಿ, ಒಂದು ರಕ್ಷಣಾ ವ್ಯವಸ್ಥೆಯೇ ‘ಲಭ್ಯವಿಲ್ಲ’ ಎಂದು ಸದ್ದಿಲ್ಲದೆ ಕಳಚಿಬೀಳುತ್ತಿತ್ತು. ಅಸ್ತವ್ಯಸ್ತ ಬರಹ ಕಳ್ಳನಿಗೆ ಒಳ್ಳೆಯ ಮರೆ. ಓದಬಲ್ಲ ಕೋಡ್ ಎಂಬುದು ಸೌಂದರ್ಯಕ್ಕಿಂತ ಮೊದಲು ಕಾವಲಿನ ವಿಷಯ.

ಇನ್ನು ಬ್ರಿಟನ್ನಿನ ಅಂಚೆ ಇಲಾಖೆಯ ಕಥೆ. ಅಲ್ಲಿ 1999ರಿಂದ ‘ಹೊರೈಜನ್’ ಎಂಬ ಲೆಕ್ಕಪತ್ರದ ತಂತ್ರಾಂಶ ಬಂತು. ಲೆಕ್ಕದಲ್ಲಿ ಇಲ್ಲದ ಕೊರತೆಯನ್ನು ಅದು ತೋರಿಸುತ್ತಿತ್ತು. 2015ರವರೆಗೆ 900ಕ್ಕೂ ಹೆಚ್ಚು ಉಪ ಅಂಚೆ ಮಾಸ್ತರರು ಕಳ್ಳತನ, ವಂಚನೆ, ಸುಳ್ಳು ಲೆಕ್ಕದ ಅಪರಾಧಿಗಳೆನಿಸಿಕೊಂಡರು. ಕೆಲವರು ಸೆರೆಮನೆ ಕಂಡರು, ಕೆಲವರು ಪ್ರಾಣ ಕಳೆದುಕೊಂಡರು. 2024ರಲ್ಲಿ ಸಂಸತ್ತು ವಿಶೇಷ ಕಾಯ್ದೆ ಮಾಡಿ ಆ ಶಿಕ್ಷೆಗಳನ್ನು ರದ್ದುಗೊಳಿಸಬೇಕಾಯಿತು. ಹಳ್ಳಿಯ ಅಂಚೆ ಮಾಸ್ತರರ ಮೇಲೆ ಊರಿಗೆ ಎಂಥ ವಿಶ್ವಾಸವಿರುತ್ತದೆ ಎಂದು ಬಲ್ಲ ಕೊಡಗಿನ ಜನಕ್ಕೆ ಈ ಅನ್ಯಾಯದ ಆಳವನ್ನು ವಿವರಿಸಬೇಕಿಲ್ಲ.

ಆ ತಂತ್ರಾಂಶವನ್ನು ಕಟ್ಟಿದ ಕಂಪನಿಯೊಳಗೇ 1998ರಲ್ಲಿ ಒಂದು ವರದಿ ಸಿದ್ಧವಾಗಿತ್ತು. ಕೋಡ್‌ನ ಗುಣಮಟ್ಟ ಕಳಪೆಯೆಂದು ಅದು ಉದಾಹರಣೆ ಸಹಿತ ಹೇಳಿತ್ತು. ಒಂದು ಉದಾಹರಣೆ ಹೀಗಿದೆ. ಸಂಖ್ಯೆಯ ಚಿಹ್ನೆಯನ್ನು ಬದಲಿಸಬೇಕು. ಧನವಿದ್ದರೆ ಋಣ, ಋಣವಿದ್ದರೆ ಧನ. ಸಂಖ್ಯೆಯ ಮುಂದೆ ಒಂದು ಋಣಚಿಹ್ನೆ ಹಾಕಿದರೆ ಮುಗಿಯಿತು. ಬರೆದವರು ಮಾಡಿದ್ದೇನೆಂದರೆ, ಸಂಖ್ಯೆ ಸೊನ್ನೆಗಿಂತ ಕಡಿಮೆಯಿದ್ದರೆ ಒಂದು ದಾರಿ, ಇಲ್ಲವಾದರೆ ಅದೇ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಬಂದದ್ದನ್ನು ಮೂಲದಿಂದ ಕಳೆಯುವ ಇನ್ನೊಂದು ದಾರಿ. ಉತ್ತರ ಸರಿಯೇ ಬರುತ್ತದೆ. ಆದರೆ ಹೀಗೆ ಬರೆದವರ ಕೈಗೆ ಒಂದು ದೇಶದ ಅಂಚೆ ಲೆಕ್ಕ ಕೊಟ್ಟಿದ್ದೇವೆ ಎಂಬ ಎಚ್ಚರಿಕೆ ಆ ನಾಲ್ಕು ಸಾಲುಗಳಲ್ಲೇ ಇತ್ತು. ಅಂಚೆ ಮಾಸ್ತರರನ್ನು ಜೈಲಿಗೆ ಕಳಿಸಿದ್ದು ಸಾಲುಗಳ ಜೋಡಣೆಯಲ್ಲ, ತಪ್ಪೊಪ್ಪದ ಸಂಸ್ಥೆಯ ಹಟ, ಅದನ್ನು ಮರೆಯುವಂತಿಲ್ಲ. ಆದರೂ ಓದಿದವರು ಮೊದಲೇ ಇದ್ದರು. ಓದಿದ್ದಕ್ಕೆ ಕಿವಿಗೊಡುವ ಏರ್ಪಾಡು ಇರಲಿಲ್ಲ.

ಇನ್ನು ನಮ್ಮ ಕೊಡಗು ಜಿಲ್ಲೆಗೆ ಬರೋಣ.

ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ‘ಭೂಮಿ’ ತಂತ್ರಾಂಶ ಈ ಶತಮಾನದ ಆರಂಭದಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಅದೊಂದು ದೊಡ್ಡ ಸಾಧನೆ. ಕೈಬರಹದ ಪಹಣಿಗಾಗಿ ಗ್ರಾಮ ಲೆಕ್ಕಿಗರ ಹಿಂದೆ ಅಲೆದವರು ಅದನ್ನು ಅಲ್ಲಗಳೆಯುವುದಿಲ್ಲ. ನಂತರ ನೋಂದಣಿಗೆ ‘ಕಾವೇರಿ’, ಅಳತೆಗೆ ‘ಮೋಜಣಿ’, ಗ್ರಾಮ ಪಂಚಾಯಿತಿ ಆಸ್ತಿಗಳಿಗೆ ‘ಇ-ಸ್ವತ್ತು’ ಬಂದವು. ಇವು ಒಂದಕ್ಕೊಂದು ಮಾತನಾಡಬೇಕು. ಇವನ್ನು ಬರೆದವರು, ತಿದ್ದಿದವರು, ಗುತ್ತಿಗೆ ಮುಗಿದು ಹೊರಟುಹೋದವರು ಅನೇಕರು. ಎರಡು ದಶಕಗಳ ಕೈಗಳು ಹಾದುಹೋದ ಬರಹ ಇದು.

ಇದಕ್ಕೆ ಕೊಡಗಿನ ವಿಶೇಷ ಸೇರುತ್ತದೆ. 1956ರಲ್ಲಿ ವಿಲೀನವಾಗುವವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. ಇಲ್ಲಿನ ಜಮೀನಿನ ಹಕ್ಕುಗಳ ಬುಡ 1899ರ ಕೊಡಗು ಭೂಮಿ ಮತ್ತು ಕಂದಾಯ ರೆಗ್ಯುಲೇಶನ್‌ನಲ್ಲೂ ಅದಕ್ಕೂ ಹಿಂದಿನ ರಾಜರ ಕಾಲದ ಕಂದಾಯದ ‘ಶಿಸ್ತಿ’ನಲ್ಲೂ ಇದೆ. ಜಮ್ಮಾ, ಸಾಗು, ಉಂಬಳಿ, ಗದ್ದೆಗೆ ಹೊಂದಿಕೊಂಡ ಬಾಣೆ, ಹೀಗೆ ಹಲವು ಬಗೆಯ ಹಿಡುವಳಿಗಳು: ಬಯಲುಸೀಮೆಯ ಒಂದು ಸರ್ವೆ ನಂಬರು, ಒಬ್ಬ ಮಾಲೀಕ ಎಂಬ ಸರಳ ಲೆಕ್ಕಕ್ಕೆ ಇವು ಒಗ್ಗುವುದಿಲ್ಲ. ಒಕ್ಕದ, ಅಂದರೆ ಮನೆತನದ, ಎಂದೋ ತೀರಿಕೊಂಡ ಹಿರಿಯರ ಹೆಸರು ಪಟ್ಟೇದಾರರ ಸ್ಥಾನದಲ್ಲಿ, ಅನುಭವದಲ್ಲಿರುವವರು ಹತ್ತಾರು ಮಂದಿ. ಮರದ ಹಕ್ಕಿನ ಪ್ರಶ್ನೆ ಬೇರೆ. ನ್ಯಾಯಾಲಯಗಳೂ ವಿಧಾನಮಂಡಲವೂ ದಶಕಗಳಿಂದ ಬಿಡಿಸುತ್ತಿರುವ ಗಂಟು ಇದು.

ರಾಜ್ಯಕ್ಕೆಲ್ಲ ಒಂದೇ ತಂತ್ರಾಂಶ ಎಂದಾಗ ಇಂಥ ವಿಶೇಷಗಳು ಕೋಡ್‌ನೊಳಗೆ ವಿನಾಯಿತಿಗಳಾಗಿ ಬರುತ್ತವೆ: ‘ಜಿಲ್ಲೆ ಇದಾದರೆ, ಹಿಡುವಳಿ ಇಂಥದ್ದಾದರೆ, ಹೀಗೆ ಮಾಡು.’ ಒಂದು ದೃಷ್ಟಾಂತ ತೆಗೆದುಕೊಳ್ಳೋಣ. ಒಬ್ಬ ಎಂಜಿನಿಯರ್ ಮಡಿಕೇರಿಯ ಕಂದಾಯ ಅಧಿಕಾರಿಗಳ ಜೊತೆ ಕೂತು ಜಮ್ಮಾ ಹಿಡುವಳಿಯ ನಿಯಮ ತಿಳಿದು ಸರಿಯಾಗಿಯೇ ಬರೆಯುತ್ತಾರೆ. ಆದರೆ ಅದಕ್ಕೆ ಇಡುವ ಹೆಸರು ‘ವಿಧ 7’. ಟಿಪ್ಪಣಿ ಇಲ್ಲ. ಒಂದರೊಳಗೊಂದು ಆರು ಷರತ್ತುಗಳು, ಒಂದು ಕಡೆ ನಾಲ್ಕು ಜಾಗ ಬಿಟ್ಟು, ಇನ್ನೊಂದು ಕಡೆ ಎರಡೇ ಬಿಟ್ಟು. ಐದು ವರ್ಷದ ನಂತರ ಇನ್ನೊಬ್ಬರು, ಕೊಡಗನ್ನು ಪ್ರವಾಸಕ್ಕೆಂದು ಮಾತ್ರ ಬಲ್ಲವರು, ಇಡೀ ರಾಜ್ಯಕ್ಕೆ ಹೊಸ ನಿಯಮವೊಂದನ್ನು ಸೇರಿಸಲು ಅದೇ ಪುಟ ತೆರೆಯುತ್ತಾರೆ. ‘ವಿಧ 7’ ಏನೆಂದು ಹೇಳುವವರಿಲ್ಲ. ಅವರಿಗಿರುವ ದಾರಿ ಎರಡು. ಮುಟ್ಟಲು ಹೆದರಿ ಪಕ್ಕದಲ್ಲಿ ಇನ್ನೊಂದು ಷರತ್ತು ಹೆಣೆಯುವುದು, ಅಥವಾ ಅನಗತ್ಯವೆಂದು ಅಳಿಸುವುದು. ಎರಡರಲ್ಲಿ ಯಾವುದಾದರೂ ವಿರಾಜಪೇಟೆಯ ಕೌಂಟರಿನಲ್ಲಿ ಯಾರೋ ಒಬ್ಬರ ಅರ್ಜಿಯನ್ನು ಸಿಸ್ಟಂ ‘ತೆಗೆದುಕೊಳ್ಳುವುದಿಲ್ಲ’.

ಹೆಸರಿನ ಸಂಗತಿಯೂ ಹಾಗೆಯೇ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲು ಮನೆತನ, ನಂತರ ತಂದೆ, ಕೊನೆಗೆ ತಮ್ಮ ಹೆಸರು. ಅರೆಭಾಷೆ ಗೌಡರಲ್ಲೂ ಮನೆತನದ ಹೆಸರಿನ ಬಳಕೆ ಗಟ್ಟಿಯಾಗಿದೆ. ಮೊದಲು ಸ್ವಂತ ಹೆಸರು, ಕೊನೆಗೆ ಕುಟುಂಬದ ಹೆಸರು ಎಂಬ ಅಚ್ಚಿನಲ್ಲಿ ತಯಾರಾದ ನಮೂನೆಗಳು ಇದನ್ನು ತಲೆಕೆಳಗು ಮಾಡುತ್ತವೆ. ಒಂದು ಇಲಾಖೆಯ ದಾಖಲೆಯಲ್ಲಿ ಮನೆತನ ಮೊದಲು, ಇನ್ನೊಂದರಲ್ಲಿ ಕೊನೆಗೆ, ಮೂರನೆಯದರಲ್ಲಿ ಬರೀ ಒಂದಕ್ಷರ. ಎರಡು ದಾಖಲೆ ತಾಳೆಯಾಗದಿದ್ದರೆ ಅಫಿಡವಿಟ್ ತರಬೇಕಾದವರು ನಾಗರಿಕರೇ. ಕೊಡಗಿನಲ್ಲಿ ಮನೆತನ ಮೊದಲು ಬರುತ್ತದೆ ಎಂದು ಕೋಡ್‌ನ ಪಕ್ಕದಲ್ಲಿ ಒಂದು ಸಾಲು ಬರೆದಿಡುವ ವ್ಯವಧಾನ ಯಾರಿಗೂ ಇಲ್ಲವೆಂದರೆ, ಆ ಅಫಿಡವಿಟ್‌ನ ಖರ್ಚನ್ನು ಜನ ಏಕೆ ಹೊರಬೇಕು?

ಸಕಾಲ ಕಾಯ್ದೆ 2012ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇಂಥ ಸೇವೆ ಇಷ್ಟು ದಿನದಲ್ಲಿ ಎಂದು ಅಧಿಕಾರಿಗೆ ಗಡುವು ಹಾಕಿದ ಕಾಯ್ದೆ ಅದು. ಆದರೆ ಅಧಿಕಾರಿಯ ಕೈ ಕಟ್ಟಿಹಾಕಿರುವುದು ತಂತ್ರಾಂಶವೇ ಆದರೆ ಗಡುವು ಯಾರಿಗೆ ಅನ್ವಯಿಸಬೇಕು? ಹೊಣೆಯನ್ನು ಯಂತ್ರದ ಹೆಗಲಿಗೆ ದಾಟಿಸುವುದು ಈಗ ಅತ್ಯಂತ ಸುಲಭವಾದ ಆಡಳಿತ ಕೌಶಲವಾಗಿಬಿಟ್ಟಿದೆ.

ಪರಿಹಾರ ಕಷ್ಟದ್ದಲ್ಲ ಎಂಬುದೇ ಇಲ್ಲಿ ಹೆಚ್ಚು ನೋವಿನ ಸಂಗತಿ. ಟ್ಯಾಬ್ ಬಳಸಬೇಕೋ ಸ್ಪೇಸ್ ಬಳಸಬೇಕೋ, ಆವರಣ ಅದೇ ಸಾಲಿನಲ್ಲೋ ಮುಂದಿನ ಸಾಲಿನಲ್ಲೋ ಎಂದು ಎಂಜಿನಿಯರುಗಳು ತಲೆಮಾರುಗಳಿಂದ ಜಗಳಾಡಿದ್ದಾರೆ. ಸಾಲಿಗೆ 80 ಅಕ್ಷರವೆಂಬ ಮಿತಿಯಂತೂ 1928ರ ಐಬಿಎಂ ರಂಧ್ರಪತ್ರದಿಂದ ಬಂದ ಬಳುವಳಿ. ಲಿನಕ್ಸ್‌ನವರು ಅದನ್ನು 100ಕ್ಕೆ ಸಡಿಲಿಸಿದ್ದು 2020ರಲ್ಲಿ. ಪೈಥಾನ್ ಭಾಷೆಯವರು 2001ರಲ್ಲೇ ‘ಪೆಪ್ 8’ ಎಂಬ ಶೈಲಿ ನಿಯಮಾವಳಿ ಬರೆದುಕೊಂಡರು. ಲಿನಕ್ಸ್‌ನ ಶೈಲಿ ನಿಯಮ, ಒಂದರೊಳಗೊಂದು ಮೂರು ಹಂತ ಮೀರಿದರೆ ಕೋಡನ್ನೇ ಸರಿಪಡಿಸಿಕೊಳ್ಳಿ ಎಂದು ನಿಷ್ಠುರವಾಗಿ ಹೇಳುತ್ತದೆ. 2009ರಲ್ಲಿ ಗೂಗಲ್ ಹೊರತಂದ ‘ಗೋ’ ಭಾಷೆ ಜಗಳವನ್ನೇ ಮುಗಿಸಿತು. ಸಾಲು ಜೋಡಿಸುವ ಸಲಕರಣೆ ಭಾಷೆಯ ಜೊತೆಗೇ ಬಂತು. ಎಲ್ಲರ ಕೋಡ್ ಒಂದೇ ರೂಪ. ಯಾರಿಗೂ ಪೂರ್ಣ ಇಷ್ಟವಾಗದಿದ್ದರೂ ಎಲ್ಲರಿಗೂ ಓದಲು ಬರುವ ರೂಪ ಅದು. ಈಗ ಬಹುತೇಕ ಭಾಷೆಗಳಿಗೆ ಅಂಥ ಸಲಕರಣೆ ಉಚಿತವಾಗಿ ಸಿಗುತ್ತದೆ. ಬೇಕಾದದ್ದು ಅದನ್ನು ಕಡ್ಡಾಯಗೊಳಿಸುವ ಒಂದು ಆದೇಶ.

ಆದರೆ ಒಂದು ಎಚ್ಚರಿಕೆ ಹೇಳಲೇಬೇಕು. ಸಾಲು ನೆಟ್ಟಗಾದ ಮಾತ್ರಕ್ಕೆ ಅರ್ಥ ನೆಟ್ಟಗಾಗುವುದಿಲ್ಲ. ‘ವಿಧ 7’ ಎಂಬ ಹೆಸರನ್ನು ಯಾವ ಸಲಕರಣೆಯೂ ‘ಜಮ್ಮಾ’ ಎಂದು ತಿದ್ದಲಾರದು. ಅದಕ್ಕೆ ಓದುವ ಮನುಷ್ಯ ಬೇಕು. ಇಪ್ಪತ್ತು ವರ್ಷದ ಹಳೆಯ ಕೋಡನ್ನು ಒಂದೇ ರಾತ್ರಿಯಲ್ಲಿ ಮರುಜೋಡಿಸುವ ಉತ್ಸಾಹವೂ ಅಪಾಯಕಾರಿ. ಹಾಗೆ ಮಾಡಿದರೆ ಯಾವ ಸಾಲನ್ನು ಯಾರು, ಯಾವಾಗ, ಏಕೆ ಬದಲಿಸಿದರು ಎಂಬ ಇತಿಹಾಸ ಮಸುಕಾಗುತ್ತದೆ. ಜೋಡಣೆಯ ಬದಲಾವಣೆ ಬೇರೆ, ಅರ್ಥದ ಬದಲಾವಣೆ ಬೇರೆ. ಎರಡನ್ನೂ ಒಂದೇ ಸಲ್ಲಿಕೆಯಲ್ಲಿ ಬೆರೆಸಬಾರದು. ಈ ವಿವೇಕವಿಲ್ಲದೆ ಹೊರಡಿಸುವ ಆದೇಶದಿಂದ ಹೊಸ ಗೊಂದಲ ಹುಟ್ಟೀತು.

ಓದಬಲ್ಲ ಕೋಡ್ ಸಂಕಟದ ಹೊತ್ತಿನಲ್ಲಿ ಏನು ಮಾಡಬಲ್ಲದು ಎಂಬುದಕ್ಕೆ ಸಾಕ್ಷಿ ದೂರದಲ್ಲಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಬೆಟ್ಟಗಳು ಕುಸಿದಾಗ ನೆರೆಯ ಕೇರಳವೂ ಮುಳುಗುತ್ತಿತ್ತು. ಅಲ್ಲಿನ ರಾಜ್ಯ ಐಟಿ ಮಿಷನ್ ಮತ್ತು ಐಇಇಇ ಕೇರಳ ವಿಭಾಗದ ಸ್ವಯಂಸೇವಕರು ‘ಕೇರಳ ರೆಸ್ಕ್ಯೂ’ ಎಂಬ ತಾಣ ಕಟ್ಟಿದರು. ಕೋಡ್ ಬಹಿರಂಗವಾಗಿತ್ತು. ಒಬ್ಬರನ್ನೊಬ್ಬರು ಕಂಡಿರದ ನೂರಾರು ಮಂದಿ ಕೆಲವೇ ದಿನಗಳಲ್ಲಿ ಅದಕ್ಕೆ ತಮ್ಮ ಪಾಲು ಸೇರಿಸಿದರು. ಬರೆದದ್ದು ಪೈಥಾನ್‌ನಲ್ಲಿ, ಒಳಕ್ಕೆ ಸರಿಸಿ ಬರೆಯುವುದು ಆ ಭಾಷೆಯಲ್ಲಿ ಅಲಂಕಾರವಲ್ಲ, ವ್ಯಾಕರಣವೇ. ನೀರು ಏರುತ್ತಿರುವಾಗ ಕೂತು ಕೋಡ್ ವಿವರಿಸಲು ಯಾರಿಗೂ ಪುರುಸೊತ್ತಿಲ್ಲ. ಬಂದವರು ಓದಿಯೇ ಕೆಲಸಕ್ಕಿಳಿಯಬೇಕು. ನಮ್ಮಲ್ಲಿ ಆ ವಾರ ಮಾಹಿತಿ ಸಾಗಿದ್ದು ಹೆಚ್ಚಾಗಿ ಫೋನ್ ಕರೆ, ವಾಟ್ಸ್‌ಆ್ಯಪ್ ಗುಂಪುಗಳ ಮೂಲಕ. ಜನರ ಹೃದಯವಂತಿಕೆಗೆ ಕೊರತೆ ಇರಲಿಲ್ಲ. ಕೈಜೋಡಿಸಬಹುದಾದ ವ್ಯವಸ್ಥೆ ಇರಲಿಲ್ಲ.

ಇಷ್ಟಾದರೂ ಹೊಸ ತಲೆಮಾರನ್ನು ನಾವು ಯಾವುದಕ್ಕೆ ಸಿದ್ಧಗೊಳಿಸುತ್ತಿದ್ದೇವೆ? ರಾಜ್ಯದ ತಾಂತ್ರಿಕ ಕಾಲೇಜುಗಳಲ್ಲಿ ಕೋಡ್ ಎಂಬುದು ಲ್ಯಾಬ್ ರೆಕಾರ್ಡಿನಲ್ಲಿ ಕೈಯಾರೆ ನಕಲು ಮಾಡಿ ಸಹಿ ಹಾಕಿಸಿಕೊಳ್ಳುವ ವಸ್ತುವಾಗಿ ಉಳಿದಿದೆ. ಪರೀಕ್ಷೆಯ ದಿನ ಕಂಠಪಾಠದ ಪ್ರೋಗ್ರಾಂ ಬರೆದು, ‘ಔಟ್‌ಪುಟ್’ ತೋರಿಸಿದರೆ ಅಂಕ ಬಂತು. ಅಂತಿಮ ವರ್ಷದ ಪ್ರಾಜೆಕ್ಟಿಗೆ ನಾಲ್ವರು ಸೇರುತ್ತಾರೆ. ಬರೆಯುವವರು ಒಬ್ಬರು, ಕೆಲವೊಮ್ಮೆ ದುಡ್ಡು ಕೊಟ್ಟು ತರಿಸಿದ್ದು. ದಪ್ಪ ರಟ್ಟಿನ ವರದಿಗೆ ಅಂಕವುಂಟು, ಒಳಗಿನ ಕೋಡ್ ಓದಬಹುದೇ ಎಂಬುದಕ್ಕೆ ಅಂಕವಿಲ್ಲ. ಇನ್ನೊಬ್ಬರು ಬರೆದದ್ದನ್ನು ಓದಿ ತಿದ್ದುವ ಅಭ್ಯಾಸವನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದೆ ಪದವೀಧರರಾಗಬಹುದು. ಅಧ್ಯಾಪಕರನ್ನಷ್ಟೇ ದೂಷಿಸಲಾಗದು, ಒಬ್ಬರ ಕೈಕೆಳಗೆ ಅಷ್ಟು ಮಂದಿ ವಿದ್ಯಾರ್ಥಿಗಳಿದ್ದಾಗ ಪ್ರತಿ ಸಾಲು ಓದುವುದು ಅಸಾಧ್ಯ. ಆದರೆ ವಿದ್ಯಾರ್ಥಿಗಳೇ ಪರಸ್ಪರ ಓದಬಹುದಲ್ಲ.

ಈ ನಡುವೆ ಕೃತಕ ಬುದ್ಧಿಮತ್ತೆಯ ಸಲಕರಣೆಗಳು ಕ್ಷಣಾರ್ಧದಲ್ಲಿ ಸಾವಿರ ಸಾಲು ಸುರಿಯುತ್ತಿವೆ. ಅವು ಬರೆಯುವ ಕೋಡ್ ನೋಡಲು ಒಪ್ಪವಾಗಿಯೇ ಇರುತ್ತದೆ, ಅದೇ ಹೊಸ ಅಪಾಯ. ಒಪ್ಪವಾಗಿ ಕಂಡದ್ದನ್ನು ಓದದೆ ಒಪ್ಪಿಕೊಳ್ಳುವ ಚಾಳಿ ಬೆಳೆಯುತ್ತಿದೆ. ಬರೆಯುವ ಶ್ರಮ ಇಳಿದಷ್ಟೂ ಓದುವ ಹೊಣೆ ಏರಬೇಕಿತ್ತು. ಆಗುತ್ತಿರುವುದು ತದ್ವಿರುದ್ಧ.

ಈಗ ಯಾರು ಏನು ಮಾಡಬೇಕೆಂಬ ಮಾತು. ಮೊದಲ ಹೊಣೆ ರಾಜ್ಯ ಸರ್ಕಾರದ ಇ-ಆಡಳಿತ ಇಲಾಖೆಯದು. ತಂತ್ರಾಂಶದ ಟೆಂಡರುಗಳಲ್ಲಿ ಎಷ್ಟು ಪರದೆ, ಎಷ್ಟು ಬಳಕೆದಾರರು, ಯಾವ ದಿನಾಂಕಕ್ಕೆ ಉದ್ಘಾಟನೆ ಎಂಬುದಿರುತ್ತದೆ. ಲಿಖಿತ ಶೈಲಿ ನಿಯಮ, ಕಡ್ಡಾಯ ಜೋಡಣೆ ಸಲಕರಣೆ, ಬರೆದವರಲ್ಲದೆ ಇನ್ನೊಬ್ಬರು ಓದಿ ಒಪ್ಪಿದ ದಾಖಲೆ, ಇವಿಲ್ಲದ ಕೋಡಿಗೆ ಕೊನೆಯ ಕಂತಿನ ಹಣ ಬಿಡುಗಡೆಯಾಗಬಾರದು. ಗುತ್ತಿಗೆ ಮುಗಿಯುವ ಮೊದಲು ಹೊಸ ತಂಡವೊಂದು ಹಳೆಯ ಕೋಡ್ ಓದಿ ಒಂದು ಸಣ್ಣ ಬದಲಾವಣೆಯನ್ನು ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸಲಿ. ಹಸ್ತಾಂತರ ಪೂರ್ಣವಾಯಿತೆಂದು ಆಮೇಲೆ ಬರೆದುಕೊಳ್ಳಲಿ.

ಎರಡನೆಯದು ಬಹಿರಂಗತೆ. ಸರ್ಕಾರಿ ತಂತ್ರಾಂಶಗಳ ಮೂಲ ಕೋಡನ್ನು ತೆರೆದಿಟ್ಟು ಸಹಯೋಗದಿಂದ ಬೆಳೆಸಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿದೆ. ಕೋವಿಡ್ ಕಾಲದ ‘ಆರೋಗ್ಯ ಸೇತು’ ಆ್ಯಪ್‌ನ ಆಂಡ್ರಾಯ್ಡ್ ಕೋಡ್ 2020ರ ಮೇ ತಿಂಗಳಲ್ಲಿ ಹೊರಬಂತು. ಅದಕ್ಕೂ ಸಾರ್ವಜನಿಕ ಒತ್ತಡ ಬೇಕಾಯಿತು. ಕೋಡ್ ತೆರೆದಿಡುವುದು ಅಸಾಧ್ಯವೆನ್ನುವವರು ಬೆಂಗಳೂರಿನ ಕಡೆಗೇ ನೋಡಲಿ. ಅಲ್ಲಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ ‘ಮೋಸಿಪ್’ ಎಂಬ ಗುರುತಿನ ವೇದಿಕೆ ಮುಕ್ತ ಕೋಡ್ ಆಗಿಯೇ ಬೆಳೆದು ಫಿಲಿಪ್ಪೀನ್ಸ್, ಮೊರಾಕ್ಕೊದಂಥ ದೇಶಗಳಿಗೆ ತಲುಪಿದೆ. ಪರದೇಶಗಳು ಓದಬಹುದಾದ ಕೋಡನ್ನು ನಮ್ಮ ರಾಜಧಾನಿ ಬರೆಯಬಲ್ಲದು. ಕೊಡಗಿನ ಬೆಳೆಗಾರರ ಪಹಣಿಯ ಕೋಡ್ ಮಾತ್ರ ಮುಚ್ಚಿದ ಕೋಣೆಯಲ್ಲಿ ಏಕಿರಬೇಕು? ಜನರ ವೈಯಕ್ತಿಕ ಮಾಹಿತಿ ಗೋಪ್ಯವಾಗಿರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಹಿತಿ ಬೇರೆ, ಅದನ್ನು ನಡೆಸುವ ನಿಯಮ ಬೇರೆ. ಕಂದಾಯ ಕಾಯ್ದೆಯ ಪಠ್ಯ ಯಾರು ಬೇಕಾದರೂ ಓದಬಹುದಾದರೆ, ಆ ಕಾಯ್ದೆಯನ್ನು ಜಾರಿಗೊಳಿಸುವ ಷರತ್ತುಗಳ ಪಠ್ಯವೂ ಓದಲು ಸಿಗಬೇಕು.

ಸರ್ಕಾರಕ್ಕೆ ಇದು ಮಾಡಲಾಗದ ಕೆಲಸವೇನೂ ಅಲ್ಲ. ಒಬ್ಬೊಬ್ಬರ ಕಂಪ್ಯೂಟರಿನಲ್ಲಿ ಒಂದೊಂದು ಬಗೆಯ ಕನ್ನಡ ಅಕ್ಷರ, ಒಂದು ಕಚೇರಿಯ ಕಡತ ಇನ್ನೊಂದರಲ್ಲಿ ತೆರೆದರೆ ಚಿತ್ರವಿಚಿತ್ರ ಚಿಹ್ನೆಗಳು: ಆ ದಿನಗಳನ್ನು ಕಂಡಿದ್ದೇವೆ. ಬಹುಕಾಲದ ಒತ್ತಾಯದ ನಂತರ ಸರ್ಕಾರ ಯೂನಿಕೋಡ್ ಶಿಷ್ಟತೆಯನ್ನು ಒಪ್ಪಿತು. ತಡವಾಯಿತು, ಆದರೂ ಆಯಿತು.

ಕೊಡಗಿನ ಮಟ್ಟಿಗೆ ಕೆಲಸ ಈ ವರ್ಷವೇ ಆರಂಭವಾಗಬಹುದು. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಪೊನ್ನಂಪೇಟೆಯಲ್ಲಿ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಭೂಮಿ ತಂತ್ರಾಂಶದಲ್ಲಿ ಜಮ್ಮಾ, ಬಾಣೆ ಹಿಡುವಳಿಗಳಿಗೆ ಸಂಬಂಧಿಸಿದ ಭಾಗವನ್ನು ಮಾತ್ರ ಕಂದಾಯ ಇಲಾಖೆ ಬೇರ್ಪಡಿಸಿ ಈ ಎರಡು ಕಾಲೇಜುಗಳ ಮುಂದಿಡಲಿ. ಹಳೆಯ ದಾಖಲೆ ಬಲ್ಲ ನಿವೃತ್ತ ಶಿರಸ್ತೇದಾರರು, ವಕೀಲರು, ವಿದ್ಯಾರ್ಥಿಗಳು ಒಟ್ಟಿಗೆ ಕೂತು ಸಾಲು ಸಾಲಾಗಿ ಓದಲಿ. ಪ್ರತಿ ವಿನಾಯಿತಿಯ ಪಕ್ಕದಲ್ಲಿ ಅದರ ಕಾನೂನಿನ ಆಧಾರವನ್ನು ಕನ್ನಡದಲ್ಲಿ ಬರೆಯಲಿ. ಅಂತಿಮ ವರ್ಷದ ಪ್ರಾಜೆಕ್ಟಿಗೆ ಇದಕ್ಕಿಂತ ಯೋಗ್ಯವಾದ ವಿಷಯ ಜಿಲ್ಲೆಯಲ್ಲಿ ಸಿಗಲಾರದು. ಬೆಂಗಳೂರಿನ ಕಂಪನಿಗಳಲ್ಲಿದ್ದು, ತೋಟದ ಮನೆಯಿಂದಲೂ ಕೆಲಸ ಮಾಡುತ್ತಿರುವ ಕೊಡಗಿನ ಎಂಜಿನಿಯರುಗಳೂ ಕೈಜೋಡಿಸಬಹುದು. ಪರರ ಕೋಡ್ ಓದಿ ತಿದ್ದುವುದು ಅವರ ನಿತ್ಯದ ಕಾಯಕ.

ಮಡಿಕೇರಿ, ವಿರಾಜಪೇಟೆ ಕ್ಷೇತ್ರಗಳ ಇಬ್ಬರು ಶಾಸಕರು ಮುಂದಿನ ಅಧಿವೇಶನದಲ್ಲಿ ಸರ್ಕಾರವನ್ನು ಮೂರು ಪ್ರಶ್ನೆ ಕೇಳಬೇಕೆಂದು ಒತ್ತಾಯಿಸುತ್ತೇವೆ. ಕಂದಾಯ ಇಲಾಖೆಯ ತಂತ್ರಾಂಶಗಳಿಗೆ ಲಿಖಿತ ಶೈಲಿ ನಿಯಮವಿದೆಯೇ? ಕೊಡಗಿನ ಹಿಡುವಳಿಗಳ ಭಾಗವನ್ನು, ಬರೆದವರನ್ನು ಬಿಟ್ಟು ಬೇರೆ ಯಾರು, ಯಾವ ದಿನಾಂಕದಂದು ಪೂರ್ಣವಾಗಿ ಓದಿದ್ದಾರೆ? ಸಿಸ್ಟಂ ತಿರಸ್ಕರಿಸಿದ ಅರ್ಜಿಗಳಿಗೆ, ಯಾವ ಷರತ್ತಿನಡಿ ತಿರಸ್ಕೃತವಾಯಿತು ಎಂಬ ಕಾರಣವನ್ನು ಅರ್ಜಿದಾರರಿಗೆ ಲಿಖಿತವಾಗಿ ಕೊಡಲು ಸರ್ಕಾರ ಸಿದ್ಧವಿದೆಯೇ? ಸದನದಲ್ಲಿ ಬರುವ ಉತ್ತರವನ್ನು, ಉತ್ತರ ಬಾರದಿದ್ದರೆ ಆ ಸಂಗತಿಯನ್ನು, ಈ ಪತ್ರಿಕೆ ಪ್ರಕಟಿಸಲಿದೆ.